ಹಳ್ಳಕ್ಕೆ ಕೊಟ್ಟ ಹೆಸರು

ಆ ಊರಿನಲ್ಲಿ ಸತ್ತವರ ಹೆಸರನ್ನು ಮನುಷ್ಯರು ಹೇಳುವಂತಿರಲಿಲ್ಲ. ಹಳ್ಳ ಹೇಳುತ್ತಿತ್ತು.

ನಗಬೇಡಿ. ಒಂದೊಂದು ಊರಿಗೆ ಒಂದೊಂದು ಹುಚ್ಚು ಇದ್ದೇ ಇರುತ್ತದೆ. ಕೆಲವರು ಸತ್ತವರನ್ನು ಗೋಡೆಗೆ ತೂಗುಹಾಕುತ್ತಾರೆ, ಕೆಲವರು ಮೊಮ್ಮಕ್ಕಳ ತಲೆಗೆ ಕಟ್ಟುತ್ತಾರೆ. ಈ ಊರಿನವರು ನೀರಿಗೆ ಕೊಡುತ್ತಿದ್ದರು. ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನ ಮನೆಯವರು ಒಂದು ಕಲ್ಲು ಹಿಡಿದು ಹಳ್ಳಕ್ಕೆ ಬರುತ್ತಿದ್ದರು. ದೊಡ್ಡದೇನಲ್ಲ, ಎರಡು ಕೈಯ ಬೊಗಸೆಯಲ್ಲಿ ಕೂರುವಷ್ಟು. ನೀರಗಂಟಿ ಅದನ್ನು ಇಸಿದುಕೊಂಡು ಮೊಣಕಾಲುದ್ದ ನೀರಿಗೆ ಇಳಿದು, ಹರಿವಿಗೆ ಅಡ್ಡ ಇಟ್ಟು, ಮೆಲ್ಲಗೆ ತಿರುಗಿಸುತ್ತಿದ್ದಳು. ಮನೆಯವರು ದಡದಲ್ಲಿ ಕೂತು ಕಿವಿಗೊಡುತ್ತಿದ್ದರು.

"ಇನ್ನೂ ಇಲ್ಲ" ಅನ್ನುತ್ತಿದ್ದರು. ಅವಳು ಕೂದಲೆಳೆಯಷ್ಟು ತಿರುಗಿಸುತ್ತಿದ್ದಳು. "ಇನ್ನೂ ಇಲ್ಲ." ಮತ್ತೆ ತಿರುಗಿಸುತ್ತಿದ್ದಳು. ಬೆಳಗ್ಗೆ ಶುರುವಾದದ್ದು ಮಧ್ಯಾಹ್ನ ದಾಟುತ್ತಿತ್ತು. ಕೊನೆಗೆ ಒಂದು ಗಳಿಗೆಯಲ್ಲಿ ನೀರು ಆ ಕಲ್ಲಿನ ಬೆನ್ನು ಸವರಿಕೊಂಡು ಇಳಿಯುವಾಗ ಸತ್ತವರ ಹೆಸರನ್ನು ಹೇಳಿಬಿಡುತ್ತಿತ್ತು. ಮನೆಯವರೆಲ್ಲ ಒಟ್ಟಿಗೆ "ಹೌದು" ಅನ್ನುತ್ತಿದ್ದರು. ಅಳುವುದಿದ್ದರೆ ಆಗ ಅಳಬೇಕು. ಅಲ್ಲಿಂದಾಚೆಗೆ ಆ ಹೆಸರು ಹಳ್ಳದ್ದು, ಮನುಷ್ಯರ ಬಾಯಿ ಅದನ್ನು ಮುಟ್ಟಬಾರದು. ನೆನಪಾದರೆ ಹಳ್ಳದ ದಡಕ್ಕೆ ಹೋಗಿ ಕೇಳಿಸಿಕೊಂಡು ಬರಬೇಕು.

ನೀರಗಂಟಿ ಎಂದರೆ ಊರಿನ ನೀರು ನೋಡಿಕೊಳ್ಳುವವಳು. ಬೇರೆ ಕಡೆ ಗದ್ದೆಗೆ ನೀರು ತಿರುಗಿಸಿದರೆ ಆ ಕೆಲಸ ಮುಗಿಯಿತು. ಇಲ್ಲಿ ಕಲ್ಲನ್ನೂ ತಿರುಗಿಸಬೇಕು. ಅದಕ್ಕೂ ಒಂದು ಕಟ್ಟಳೆ ಇತ್ತು. ಒಬ್ಬರ ಮನೆಯ ಹೆಸರು ಇನ್ನೊಬ್ಬರ ಕಿವಿಗೆ ಬೀಳಬಾರದು ಎಂದು ನೀರಗಂಟಿ ನೀರಿಗೆ ಇಳಿಯುವ ಮುಂಚೆ ಎರಡೂ ಕಿವಿಗೆ ಜೇಡಿಮಣ್ಣು ಮೆತ್ತಿಕೊಳ್ಳುತ್ತಿದ್ದಳು. ಮನೆಯವರ ತುಟಿ ನೋಡಿಕೊಂಡೇ ಕೆಲಸ. ಇಲ್ಲ ಎಂದರೆ ತಿರುಗಿಸುವುದು, ಹೌದು ಎಂದರೆ ಕೈ ತೆಗೆಯುವುದು. ಹೀಗಾಗಿ ಊರಿನ ಸತ್ತವರನ್ನೆಲ್ಲ ಅವಳ ಕೈ ಬಲ್ಲದು, ಕಿವಿ ಅರಿಯದು.

ಒಂದು ಹೆಸರನ್ನು ಮಾತ್ರ ಕಿವಿಯೂ ಅರಿತಿತ್ತು. ಅದು ಅವಳ ಮಗಳದು.

ಮಗು ಆರು ತುಂಬಿ ಏಳಕ್ಕೆ ಬಿದ್ದಿತ್ತು. ಜ್ವರ ಬಂತು. ವೈದ್ಯನಿದ್ದದ್ದು ಗುಡ್ಡದಾಚೆ, ಎರಡು ದಿನದ ಕಾಲುದಾರಿ. ಗಂಡ ಹೆಂಡತಿ ಮಗುವನ್ನು ಜೋಳಿಗೆಯಲ್ಲಿ ಹಾಕಿಕೊಂಡು ಹೊರಟರು. ಒಂದು ದಿನದ ದಾರಿ ಮುಗಿಯುವ ಹೊತ್ತಿಗೆ ಜೋಳಿಗೆ ತಣ್ಣಗಾಗಿತ್ತು. ಅಲ್ಲಿಂದಲೇ ಹಿಂತಿರುಗಿದರು.

ಆ ಕಲ್ಲನ್ನು ಅವಳೇ ಇಟ್ಟಳು. ಹಳ್ಳ ಓಡುವುದನ್ನು ಬಿಟ್ಟು ಜೌಗಿನೊಳಗೆ ಹರಡಿಕೊಳ್ಳುವ ಜಾಗ, ಸುತ್ತ ಜೊಂಡು. ಮಗು ಮಾತಾಡುತ್ತಿದ್ದದ್ದೇ ನಿಧಾನ, ಅವಳಿಗೆ ನಿಧಾನದ ನೀರೇ ಬೇಕು ಎಂದು ತಾಯಿಗೆ ಅನ್ನಿಸಿತ್ತು. ಮೂರು ದಿನ ಹಿಡಿಯಿತು. ಮೂರನೆಯ ದಿನ ನೀರು ಹೇಳಿತು: ಎರಡು ಗಿಡ್ಡ ದನಿ, ಒಂದು ಉದ್ದ. ದಡದಲ್ಲಿದ್ದ ಗಂಡ "ಹೌದು" ಅಂದ. ಅಂದವನು ದಿನಾ ಅದನ್ನು ಕೇಳಿಸಿಕೊಂಡು ಬದುಕಲಾರದೆ ಊರು ಬಿಟ್ಟ. ಮತ್ತೆ ಅವನ ಸುದ್ದಿಯೇ ಇಲ್ಲ.

ಅವಳು ಬದುಕಿದಳು. ದಿನಾ ಬೆಳಗ್ಗೆ ಹೊಸಲಿಗೆ ನೀರು ಹಾಕಿ, ಜೌಗಿಗೆ ಹೋಗಿ, ಜೊಂಡು ಸರಿಸಿ ಕೂರುತ್ತಿದ್ದಳು. ಎರಡು ಗಿಡ್ಡ, ಒಂದು ಉದ್ದ. ಕೇಳಿದರೆ ಆ ದಿನ ನಡೆಯುತ್ತಿತ್ತು. ಹೀಗೆ ಮೂವತ್ತು ವರ್ಷ.

ಆಮೇಲೆ ದಾರಿಯವನು ಬಂದ.

ದಾರಿ ಮಾಡುವವನು, ಅದಕ್ಕೇ ಊರಿನವರು ಹಾಗೆ ಕರೆದರು. ಹೆಗಲಿಗೆ ಅಳತೆಯ ಹಗ್ಗ, ಕಾಲಿಗೆ ದೂಳು, ಮುಖದಲ್ಲಿ ಸರಿಯಾಗಿ ನಿದ್ದೆ ಮಾಡದವನ ಸುಸ್ತು. ಕೆಟ್ಟವನಲ್ಲ. ಈ ಕಥೆಯಲ್ಲಿ ಕೆಟ್ಟವರನ್ನು ಹುಡುಕುವವರಿಗೆ ನಿರಾಸೆಯಾದೀತು, ನಾನೂ ಹುಡುಕಿ ಸೋತಿದ್ದೇನೆ. ಅವನು ಅರಳೀಕಟ್ಟೆಯ ಮೇಲೆ ಕೂರದೆ ಕೆಳಗೆ ನಿಂತೇ ಮಾತಾಡಿದ.

"ಹೆದ್ದಾರಿ ಬರುತ್ತಿದೆ. ಗುಡ್ಡದ ಆಚೆಗೆ ಎರಡು ದಿನ ಹಿಡಿಯುವುದು ಇನ್ನು ಒಂದು ಗಳಿಗೆ. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ನಿಮ್ಮ ಮನೆಗಳು. ನಡುವೆ ಇರುವುದು ಹಳ್ಳ ಒಂದೇ. ಅದರ ಮೇಲೆಯೇ ಬರಬೇಕು."

ಜನ ಗುಜುಗುಜು ಎಂದರು. ಅವನು ಕೈ ಎತ್ತಿದ.

"ನಮ್ಮಲ್ಲೂ ಒಂದು ಕಟ್ಟಳೆ ಇದೆ. ಮುಚ್ಚಿದಷ್ಟು ನೀರನ್ನು ತೆರೆಯದೆ ನಾವು ಒಂದು ಬುಟ್ಟಿ ಮಣ್ಣೂ ಹಾಕುವುದಿಲ್ಲ. ನಿಮ್ಮ ಹಳ್ಳ ಸಾವಿರದ ಇನ್ನೂರು ಮಾರು. ಪೂರ್ವದ ಹಾಳು ಬಯಲಿನಲ್ಲಿ ಸಾವಿರದ ಐನೂರು ಮಾರಿನ ಹೊಸ ಹಳ್ಳ ತೋಡಿಕೊಡುತ್ತೇವೆ. ಇಲ್ಲಿ ಎಷ್ಟು ತಿರುವೋ ಅಲ್ಲೂ ಅಷ್ಟೇ ತಿರುವು. ಜೌಗಿಗೆ ಜೌಗು, ಜೊಂಡಿಗೆ ಜೊಂಡು. ಕಪ್ಪೆಯನ್ನೂ ಬಿಡದೆ ಒಯ್ಯುತ್ತೇವೆ."

"ನಮ್ಮೋರು?" ಕೇಳಿದವನು ಕುಂಬಾರ. ಅವನ ತಾಯಿಯ ಕಲ್ಲು ಎರಡನೆಯ ತಿರುವಿನಲ್ಲಿತ್ತು. "ನಮ್ಮೋರು ಅಲ್ಲಿಗ್ ಬತ್ತಾರಾ?"

ದಾರಿಯವನು ಗೊತ್ತಿಲ್ಲ ಎಂದು ಒಪ್ಪಿಕೊಂಡ, ಅದು ಅವನ ದೊಡ್ಡತನ. "ಒಂದೊಂದು ಮನೆಯವರೂ ಹೊಸ ಹಳ್ಳದಲ್ಲಿ ನಿಮ್ಮವರನ್ನು ಕೇಳಿ ಹೌದು ಅನ್ನಿ. ಒಂದು ಮನೆಯವರು ಇಲ್ಲ ಎಂದರೂ ದಾರಿ ಬರುವುದಿಲ್ಲ. ಮಾತು ಕೊಟ್ಟಿದ್ದೇನೆ" ಅಂದ.

ಎಲ್ಲರ ಕಣ್ಣೂ ನೀರಗಂಟಿಯ ಕಡೆ ತಿರುಗಿತು. ಪಕ್ಕದಲ್ಲಿ ಅವಳ ಗೆಳತಿ, ಚಾಪೆ ಹೆಣೆಯುವವಳು ಕೂತಿದ್ದಳು. ಇಬ್ಬರೂ ಒಂದೇ ವರ್ಷ ಆ ಊರಿಗೆ ಮದುವೆಯಾಗಿ ಬಂದವರು. ಅವಳು ಮೊಣಕೈಯಿಂದ ತಿವಿದು, "ಆಗಕಿಲ್ಲ ಅನ್ನಕ್ಕ. ಆಗಕಿಲ್ಲ ಅಂದ್ಬುಡು" ಎಂದು ಪಿಸುಗುಟ್ಟಿದಳು.

ನೀರಗಂಟಿಯ ಕಣ್ಣ ಮುಂದೆ ಇದ್ದದ್ದು ಹಳ್ಳವಲ್ಲ, ಜೋಳಿಗೆ. ಎರಡು ದಿನದ ದಾರಿ ಒಂದು ಗಳಿಗೆಯಾಗಿದ್ದರೆ ಅದರೊಳಗಿನ ಮೈ ಬಿಸಿಯಾಗಿಯೇ ವೈದ್ಯನ ಮನೆ ಸೇರುತ್ತಿತ್ತು. ಇನ್ನೊಂದು ಮನೆಯ ಜೋಳಿಗೆ ತಣ್ಣಗಾಗಬಾರದು. ಅದರ ಜೊತೆಗೆ, ಯಾಕೆ ಮುಚ್ಚಿಡಲಿ, ಒಂದಿಷ್ಟು ಜಂಬವೂ ಇತ್ತು.

"ಇಟ್ಟೋಳು ನಾನೇ" ಅಂದಳು. "ಎತ್ತಿ ಇನ್ನೊಂದ್ ಕಡೆ ಇಡಕ್ಕೆ ಬರಕಿಲ್ವಾ? ಈ ಕೈ ಮರ್ತಿಲ್ಲ."

ಕೆಲಸ ಶುರುವಾಯಿತು. ಮೇಲಿನ ಒಡ್ಡಿನಲ್ಲಿ ನೀರನ್ನು ಎರಡು ಪಾಲು ಮಾಡಿ ಒಂದು ಪಾಲನ್ನು ಬಯಲಿನ ಕಡೆ ತಿರುಗಿಸಿದರು. ದಾರಿಯವನು ಹಗ್ಗ ಹಿಡಿದು ಒಂದೊಂದು ತಿರುವನ್ನೂ ಅಳೆದು ತೋಡಿಸಿದ. ಹಳ್ಳದ ತಳದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತರು, ಏಡಿಯನ್ನು ಮಡಕೆಯಲ್ಲಿ, ಕಪ್ಪೆಮರಿಗಳನ್ನು ಕೊಡದಲ್ಲಿ ಹೊತ್ತರು. ಚಾಪೆ ಹೆಣೆಯುವವಳು ಮುನಿಸಿಕೊಂಡಿದ್ದರೂ ಜೊಂಡನ್ನು ಬೇರೆಯವರು ಕಿತ್ತರೆ ಬೇರು ಹರಿಯುತ್ತದೆ ಎಂದು ತಾನೇ ಸೊಂಟದವರೆಗೆ ಕೆಸರಿಗೆ ಇಳಿದು ಒಂದೊಂದೇ ಬುಡವನ್ನು ಮಣ್ಣಿನ ಸಮೇತ ಎತ್ತಿಕೊಟ್ಟಳು.

ಆಮೇಲೆ ಕಲ್ಲುಗಳು. ದಿನಕ್ಕೆ ಒಂದೇ ಕಲ್ಲು. ಸೂರ್ಯ ಮೂಡುವಾಗ ನೀರಗಂಟಿ ಅದನ್ನು ಎತ್ತಿ ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಒಣಗಿದರೆ ಕಲ್ಲು ಮರೆಯುತ್ತದೆ ಎಂದು ಅವಳ ನಂಬಿಕೆ. ತಲೆಯ ಮೇಲೆ ಇಟ್ಟುಕೊಂಡು, ಯಾರ ಹತ್ತಿರವೂ ಮಾತಾಡದೆ, ಹಿಂದಕ್ಕೆ ನೋಡದೆ ಬಯಲಿಗೆ ನಡೆಯುತ್ತಿದ್ದಳು. ಮನೆಯವರು ಹಿಂದೆ ಬರುತ್ತಿದ್ದರು. ಕಿವಿಗೆ ಜೇಡಿಮಣ್ಣು ಮೆತ್ತಿಕೊಂಡು ಹೊಸ ನೀರಿಗೆ ಇಳಿದು, ಹಳೆಯ ತಿರುವಿನ ಜಾಗವನ್ನೇ ಹುಡುಕಿ, ಕಲ್ಲಿಟ್ಟು, ದಡದ ಕಡೆ ಮುಖ ಎತ್ತುತ್ತಿದ್ದಳು.

ಮೊದಲ ಕಲ್ಲು ಕುಂಬಾರನ ತಾಯಿಯದು. ಅವನು ತಲೆ ಓರೆಮಾಡಿ ಬಹಳ ಹೊತ್ತು ಕೂತ. ಅವಳು ಒಂದು ಸಲ ತಿರುಗಿಸಿದಳು, ಎರಡು ಸಲ ತಿರುಗಿಸಿದಳು, ಕೈ ನಿಲ್ಲಿಸಿದಳು. ಕುಂಬಾರ "ಹೌದು" ಅಂದ.

ಮಾರನೆಯ ದಿನ ಇನ್ನೊಂದು ಮನೆ. ಒಂದೇ ತಿರುವಿಗೆ "ಹೌದು" ಅಂದರು. ಅದರ ಮಾರನೆಯ ದಿನವೂ ಹಾಗೆಯೇ. ಹಿಂದೆ ಒಂದು ಹೆಸರಿಗೆ ಅರ್ಧ ದಿನ ನೀರಿನಲ್ಲಿ ನಿಂತು ಕಾಲು ಮರಗಟ್ಟುತ್ತಿತ್ತು, ಈಗ ಸೀರೆಯ ನೆರಿಗೆ ಪೂರ್ತಿ ನೆನೆಯುವ ಮೊದಲೇ ಕೆಲಸ ಮುಗಿಯುತ್ತಿತ್ತು. ಕೈ ಪಳಗಿದೆ ಎಂದುಕೊಂಡಳು ನೀರಗಂಟಿ. ನಾವಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆವು.

ಎರಡು ಬೇಸಿಗೆ ಕಳೆಯಿತು. ಹೊಸ ಹಳ್ಳ ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹಾಳು ಬಿದ್ದ ಬಯಲು ಹಸಿರಾಯಿತು. ಕೊಕ್ಕರೆಗಳು ಬಂದವು, ಮಿಂಚುಳ್ಳಿ ಬಂತು, ಯಾರೂ ಹೊತ್ತು ತರದ ಮೀನುಗಳೂ ಎಲ್ಲಿಂದಲೋ ಬಂದವು. ದಾರಿಯವನು ಮಗು ನಡೆಯುವುದನ್ನು ನೋಡುವ ತಂದೆಯ ಹಾಗೆ ದಡದಲ್ಲಿ ನಿಂತು ನೋಡುತ್ತಿದ್ದ. ಊರಿನ ಮನೆಮನೆಯವರೂ ಹೌದು ಎಂದಾಯಿತು. ಹಳೆಯ ಹಳ್ಳದಲ್ಲಿ ಉಳಿದದ್ದು ಒಂದೇ ಕಲ್ಲು. ಅದರ ಆಚೆ ದಂಡೆಯಲ್ಲಿ ಯಂತ್ರಗಳು ಸಾಲಾಗಿ ಬಂದು ನಿಂತವು.

ಆ ಕಲ್ಲನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಕಾರಣ ಹೇಳಬೇಕಾಗಿಲ್ಲ. ಆ ದಿನ ಬೆಳಗ್ಗೆ ಕೊನೆಯ ಸಲ ಕೂತು ಕೇಳಿದಳು. ನೀರು ಅರ್ಧವಾಗಿದ್ದರಿಂದ ದನಿ ಸಣ್ಣಗಿತ್ತು, ಸ್ವಲ್ಪ ಕಲಸಿಕೊಂಡಿತ್ತು, ಆದರೂ ಅದೇ ಎಂದು ಸಮಾಧಾನ ಮಾಡಿಕೊಂಡಳು. ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದಳು. ತಲೆಯ ಮೇಲೆ ಇಡಲು ಮನಸ್ಸಾಗದೆ ಕಂಕುಳಲ್ಲಿ ಎತ್ತಿಕೊಂಡು ನಡೆದಳು.

ಕಿವಿಗೆ ಮಣ್ಣು ಹಾಕಿಕೊಳ್ಳಲಿಲ್ಲ. ಕೇಳಬೇಕಾದವಳೂ ಅವಳೇ ಅಲ್ಲವೇ? ಹೊಸ ಜೌಗಿನ ಬಾಯಲ್ಲಿ, ಹೊಸ ಜೊಂಡಿನ ನಡುವೆ ಕಲ್ಲಿಟ್ಟಳು. ನೀರು ಅದರ ಬೆನ್ನ ಮೇಲೆ ಹರಿದು ಏನೋ ಹೇಳಿತು. ಇಂಪಾಗಿಯೇ ಹೇಳಿತು. ಆದರೆ ಅದು ಅವಳ ಮಗಳಲ್ಲ.

ತಿರುಗಿಸಿದಳು. ಅದೂ ಅಲ್ಲ. ಮತ್ತೆ ತಿರುಗಿಸಿದಳು. ಇನ್ನೇನು ಬಂತು ಅನ್ನಿಸಿತು, ಎರಡು ಗಿಡ್ಡ ಸರಿಯಾಗಿ ಬಂದು ಉದ್ದದ ಹತ್ತಿರ ಬೇರೆ ಯಾರೋ ಆಗಿಬಿಟ್ಟರು. ಸಂಜೆಗೆ ಮನೆಗೆ ಹೋಗಿ ಬೆಳಗ್ಗೆ ಬಂದಳು. ಎರಡನೆಯ ದಿನವೂ ಬಂದಳು, ಮೂರನೆಯ ದಿನವೂ ಬಂದಳು. ಮೊಣಕಾಲೂರಿ ನೋಡಿದಳು, ನೀರಿನಲ್ಲಿ ಮಲಗಿ ಕಿವಿಯನ್ನೇ ಕಲ್ಲಿಗೆ ಒತ್ತಿ ನೋಡಿದಳು. ಒಂಬತ್ತು ದಿನ. ಒಂಬತ್ತು ದಿನವೂ ನೀರು ಯಾರ್ಯಾರದೋ ಮಕ್ಕಳನ್ನು ಕರೆಯಿತು.

ಹತ್ತನೆಯ ದಿನ ಕಲ್ಲನ್ನು ಎತ್ತಿಕೊಂಡು ಹಳೆಯ ಹಳ್ಳಕ್ಕೆ ಓಡಿದಳು. ಅದೇ ಜಾಗದಲ್ಲಿ ಇಟ್ಟಳು. ಕಲ್ಲು ಕೂತಿದ್ದ ಗುಳಿ ಇನ್ನೂ ಹಾಗೆಯೇ ಇತ್ತು, ಅದು ಸರಿಯಾಗಿ ಕೂತೂ ಬಿಟ್ಟಿತು. ನೀರು ಬಂದು ಮುಟ್ಟಿ, ಏನೂ ಹೇಳದೆ ಹೋಯಿತು. ದಾರಿಯವನನ್ನು ಕರೆಸಿ, "ಒಡ್ಡು ಮುಚ್ಚಿ ಎಲ್ಲಾ ನೀರ್ನೂ ಇಲ್ಲಿಗೇ ಬುಡಪ್ಪ" ಎಂದು ಕೇಳಿದಳು. ಅವನು ಯಾಕೆ ಎಂದು ಕೇಳದೆ ಬಿಡಿಸಿದ. ಹಳ್ಳ ಹಿಂದಿನಂತೆ ತುಂಬಿ ಬಂತು. ಬರಿಯ ನೀರು, ಬರಿಯ ಸದ್ದು.

ಆಗ ಅವಳಿಗೆ ತಿಳಿಯಿತು. ಕುಂಬಾರನ ತಾಯಿ ಎರಡನೆಯ ತಿರುವಿನಲ್ಲಿ ನೀರನ್ನು ಒಂದಿಷ್ಟು ಎಡಕ್ಕೆ ತಳ್ಳುತ್ತಿದ್ದಳು. ಅಲ್ಲಿಂದ ಇನ್ನೊಬ್ಬರ ಅಜ್ಜ ಅದನ್ನು ತಡೆದು ಸೀಳುತ್ತಿದ್ದ. ಜೊಂಡಿನ ಬೇರು ಅದನ್ನು ಸೋಸುತ್ತಿತ್ತು, ಏಡಿಯ ಬಿಲ ಅದಕ್ಕೆ ಉಸಿರು ಕೊಡುತ್ತಿತ್ತು. ಇಷ್ಟು ಜನರ ಕೈ ದಾಟಿ ಬಂದ ನೀರು ಕೊನೆಗೆ ಅವಳ ಮಗಳ ಬೆನ್ನು ಸವರಿ ಆ ಹೆಸರು ಹೇಳುತ್ತಿತ್ತು. ಹೇಳುತ್ತಿದ್ದದ್ದು ಕಲ್ಲಲ್ಲ. ಒಂದು ಹೆಸರನ್ನು ಇಡೀ ಹಳ್ಳ ಸೇರಿ ಹೇಳುತ್ತಿತ್ತು. ಅದನ್ನು ದಿನಕ್ಕೊಂದರಂತೆ ಬಿಡಿಸಿ ಹೊತ್ತುಕೊಂಡು ಹೋದವಳು ಅವಳೇ.

ಅವಳು ಸೀದಾ ಕುಂಬಾರನ ಮನೆಗೆ ಹೋದಳು. ಅವನು ತಿಗರಿಯ ಮುಂದೆ ಕೂತಿದ್ದ.

"ನಿಮ್ಮವ್ವನ್ನ ಅಲ್ಲಿ ನಿಜ್ವಾಗ್ಲೂ ಕೇಳುಸ್ಕಂಡ್ಯೇನಪ್ಪ?"

ಕುಂಬಾರ ತಿಗರಿ ನಿಲ್ಲಿಸಿದ. "ನೀವು ಕೈ ನಿಲ್ಸುದ್ರಲ್ಲಕ್ಕ. ನಿಮ್ ಕೈ ನಿಂತ್ಮೇಕೆ ಸರಿ ಇರ್ಲೇಬೇಕಲ್ವಾ? ಹೌದು ಅಂದೆ." ಕೈಯ ಮಣ್ಣು ಒರೆಸಿಕೊಳ್ಳುತ್ತಾ, "ಯಾಕಕ್ಕ, ಸರಿ ಅದೆ ತಾನೆ?" ಅಂದ. ಅವನ ಕಣ್ಣು ಎಷ್ಟು ಅಂಜಿತ್ತೆಂದರೆ ಅವಳು "ಅದೆ, ಅದೆ" ಎಂದು ಹೇಳಿ ಹೊರಗೆ ಬಂದಳು.

ಅವನು ಅವಳ ಕೈ ನೋಡಿ ಹೌದು ಅಂದಿದ್ದ. ಅವಳು ಅವನ ತುಟಿ ನೋಡಿ ಕೈ ತೆಗೆದಿದ್ದಳು.

ಚಾಪೆ ಹೆಣೆಯುವವಳು ಮಾತ್ರ ಸುಳ್ಳು ಹೇಳಲಿಲ್ಲ. ಹೆಣಿಕೆಯಿಂದ ಕಣ್ಣೆತ್ತದೆ ಹೇಳಿದಳು: "ಯಾರೋ ಕರುದ್ರು ಕಣಕ್ಕ. ನನ್ ಗಂಡ ಅಲ್ಲ. ಅವ್ನು ಕರೀತಿದ್ದದ್ದು ಹಂಗಲ್ಲ. ನನ್ ಕಿವಿಗೇ ವಯಸ್ಸಾಯ್ತು ಅನ್ಕಂಡೆ. ಊರೆಲ್ಲಾ ಕೇಳ್ತದೆ ಅಂತದೆ, ನಾನೊಬ್ಳು ಇಲ್ಲ ಅಂದ್ರೆ ಹೆಂಗೆ?"

"ಹಂಗಾರೆ ಅವ್ನ ಹೆಸ್ರು ಯೋಳು. ನನ್ ಕಿವಿಗೆ ಯೋಳು. ನಾನು ತಿರುಗುಸ್ತೀನಿ."

ಕಟ್ಟಳೆ ಮುರಿಯುವ ಮಾತು ಅದು. ಇಬ್ಬರೂ ಬಾಗಿಲ ಕಡೆ ನೋಡಿದರು. ಚಾಪೆ ಹೆಣೆಯುವವಳು ಬಾಯಿ ತೆರೆದಳು. ತೆರೆದ ಬಾಯಿ ಹಾಗೆಯೇ ನಿಂತಿತು. ಕೈಯಲ್ಲಿದ್ದ ಜೊಂಡು ಜಾರಿತು.

"ಹಳ್ಳುಕ್ ಕೊಟ್ಬುಟ್ಟಿದ್ನಲ್ಲಕ್ಕ" ಅಂದಳು. "ನಾನ್ಯಾಕೆ ಮಡಿಕ್ಕಳ್ಳಿ?"

ತನ್ನದು ತನಗೆ ಗೊತ್ತಲ್ಲ, ಮೂವತ್ತು ವರ್ಷ ದಿನ ತಪ್ಪದೆ ಕೇಳಿದ್ದೇನಲ್ಲ ಎಂದು ನೀರಗಂಟಿ ಧೈರ್ಯ ತಂದುಕೊಂಡಳು. ಒಂದು ಸಲ ಬಾಯಿಬಿಟ್ಟು ಹೇಳುವುದು. ಕಟ್ಟಳೆ ಹಾಳಾಗಲಿ. ಆ ಹೆಸರಿಗೆ ನೀರನ್ನು ಹೊಂದಿಸಿ ಮತ್ತೆ ಮೊದಲಿಂದ ಎಲ್ಲ ಕಲ್ಲನ್ನೂ ಇಡುವುದು, ಸಾಯುವವರೆಗೆ ಬೇಕಾದರೂ ಇಡುವುದು. ಗೆಳತಿಯ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಎರಡು ಗಿಡ್ಡ. ಒಂದು ಉದ್ದ.

ಬರಲಿಲ್ಲ.

ಅಳತೆ ಇತ್ತು, ಅಳತೆಯೊಳಗೆ ಅಕ್ಷರ ಇರಲಿಲ್ಲ. ಕೇಳುವುದೇ ಬೇರೆ, ನಾಲಗೆಯ ಮೇಲೆ ಇಟ್ಟುಕೊಳ್ಳುವುದೇ ಬೇರೆ. ಮೂವತ್ತು ವರ್ಷ ಅವಳು ಕೇಳಿದ್ದಳು, ಒಂದು ಸಲವೂ ಕರೆದಿರಲಿಲ್ಲ. ಒಂಬತ್ತು ದಿನ ಯಾರ್ಯಾರದೋ ಹೆಸರು ಕೇಳಿ ಕೇಳಿ ಉಳಿದದ್ದೂ ತೊಳೆದುಹೋಗಿತ್ತು. ಜೋಳಿಗೆ ಹೊಲಿದ ದಾರದ ಬಣ್ಣ ನೆನಪಿತ್ತು. ಮಗುವಿನ ಮುಂದಿನ ಹಲ್ಲು ಅಲ್ಲಾಡುತ್ತಿದ್ದದ್ದು, ಅದನ್ನು ನಾಲಗೆಯಿಂದ ತಳ್ಳುತ್ತಿದ್ದದ್ದು ನೆನಪಿತ್ತು. ಏನೆಂದು ಕರೆಯುತ್ತಿದ್ದೆ?

"ನಿಂಗೆ ಗೊತ್ತಲ್ವಾ?" ಗೆಳತಿಯ ತೋಳು ಹಿಡಿದು ಅಲ್ಲಾಡಿಸಿದಳು. "ನಿನ್ ಮನೇಲೇ ಆಡ್ಕಂಡಿತ್ತಲ್ಲ ಮಗ. ಉಣ್ಣಕ್ಕೆ ಬಾ ಅಂತ ಕರೀತಿದ್ಯಲ್ಲ. ಏನಂತ ಕರೀತಿದ್ದೆ, ಯೋಳೇ?"

ಚಾಪೆ ಹೆಣೆಯುವವಳು ಅಳತೊಡಗಿದಳು. ಅಷ್ಟೇ ಉತ್ತರ. ಕಟ್ಟಳೆಯನ್ನು ಅವಳೂ ಅಷ್ಟೇ ನಿಯತ್ತಿನಿಂದ ಪಾಲಿಸಿದ್ದಳು.

ಮಾರನೆಯ ದಿನ ಊರೆಲ್ಲ ಹೊಸ ಹಳ್ಳದ ದಡದಲ್ಲಿ ಸೇರಿತು. ಕೊನೆಯ ಹೌದನ್ನು ಕೇಳಲು ಎಲ್ಲರೂ ಬರಬೇಕು ಎಂದು ದಾರಿಯವನು ಹೇಳಿಕಳಿಸಿದ್ದ. ನೀರಗಂಟಿ ಮಗಳ ಕಲ್ಲನ್ನು ಹೊಸ ಜೌಗಿನಲ್ಲಿ ಇಟ್ಟು ದಡಕ್ಕೆ ಬಂದು ನಿಂತಳು. ಅವನು ಹತ್ತಿರ ಬಂದು ದನಿ ತಗ್ಗಿಸಿದ.

"ಅಮ್ಮಾ, ನೀವು ಇಲ್ಲ ಎಂದರೆ ನಾಳೆಯೇ ಯಂತ್ರಗಳನ್ನು ವಾಪಸ್ಸು ಕಳಿಸುತ್ತೇನೆ. ನನ್ನ ಕೆಲಸ ಹೋದರೂ ಹೋಗಲಿ." ಅವನು ಹಾಗೆಯೇ ಮಾಡುವವನಿದ್ದ. ಆಮೇಲೆ ಸಂಕೋಚದಿಂದ, "ಇನ್ನೊಂದು ಮಾತು. ದಾರಿ ಹೊಸ ಹಳ್ಳವನ್ನು ದಾಟುವಲ್ಲಿ ಸೇತುವೆ ಕಟ್ಟುತ್ತೇವೆ, ಅದರ ಕಂಬಕ್ಕೆ ಮಗುವಿನ ಹೆಸರು ಕೆತ್ತಿಸಬೇಕೆಂದಿದ್ದೇನೆ. ನೀವು ಬಾಯಲ್ಲಿ ಹೇಳಬೇಕಾಗಿಲ್ಲ, ಮರಳಿನ ಮೇಲೆ ಬರೆದು ತೋರಿಸಿದರೂ ಸಾಕು" ಅಂದ.

ಅವಳು ಬಗ್ಗಿದಳು. ಮರಳಿಗೆ ಬೆರಳು ಮುಟ್ಟಿಸಿದಳು. ಬೆರಳು ಊರಿದಲ್ಲೇ ಊರಿಕೊಂಡಿತ್ತು. ನಂತರ ಆ ಗುರುತನ್ನೂ ಅಂಗೈಯಿಂದ ಒರೆಸಿ ಎದ್ದಳು.

ಎದುರಿಗೆ ಊರು ಕೂತಿತ್ತು. ಒಬ್ಬೊಬ್ಬರು ತಮ್ಮ ತಮ್ಮ ಕಲ್ಲಿನ ಹತ್ತಿರ. ಕುಂಬಾರ ತಾಯಿಯ ಕಡೆ ತಲೆ ಓರೆಮಾಡಿ, ಕೇಳಿಸುತ್ತಿದೆ ಎಂದು ತನಗೆ ತಾನೇ ತಲೆದೂಗುತ್ತಿದ್ದ. ಇಲ್ಲ ಎಂದರೆ ದಾರಿ ನಿಲ್ಲುತ್ತದೆ, ಸರಿ. ಹಳೆಯ ಹಳ್ಳ ಮಾತ್ರ ಇನ್ನು ಯಾರ ಹೆಸರನ್ನೂ ಹೇಳುವುದಿಲ್ಲ. ಇಲ್ಲ ಎಂದರೆ ಇಷ್ಟು ಜನರ ಹೌದು ಅದೇ ಗಳಿಗೆಯಲ್ಲಿ ಸಾಯುತ್ತದೆ. ಪ್ರತಿಯೊಬ್ಬರೂ ಬಾಯಿ ತೆರೆದು ಹುಡುಕುತ್ತಾರೆ, ಏನೂ ಸಿಗುವುದಿಲ್ಲ. ಅದು ಹೇಗಿರುತ್ತದೆ ಎಂದು ಅವಳಿಗೆ ನಿನ್ನೆಯಿಂದ ಗೊತ್ತು. ಇನ್ನು ಯಾರಿಗೂ ಗೊತ್ತಾಗುವುದು ಬೇಡ ಅನ್ನಿಸಿತು.

ಚಾಪೆ ಹೆಣೆಯುವವಳು ಬಂದು ಪಕ್ಕದಲ್ಲಿ ನಿಂತು ಅವಳ ಕೈ ಹಿಡಿದುಕೊಂಡಳು.

"ಹೌದು" ಅಂದಳು ನೀರಗಂಟಿ.

ಯಂತ್ರಗಳು ಆ ಮಧ್ಯಾಹ್ನವೇ ಹಳೆಯ ಹಳ್ಳಕ್ಕೆ ಮಣ್ಣು ಸುರಿದವು. ದಾರಿ ಬಂತು. ಎರಡು ದಿನದ ನಡಿಗೆ ಒಂದು ಗಳಿಗೆಯಾಯಿತು. ಜ್ವರ ಬಂದ ಮಕ್ಕಳು ಹೋಗಿ, ಔಷಧಿ ಕುಡಿದು, ಜಗಳವಾಡಿಕೊಂಡು ಮನೆಗೆ ಬಂದರು. ಅಂಥ ಮಗುವೊಂದು ಬೀದಿಯಲ್ಲಿ ಕಂಡರೆ ನೀರಗಂಟಿ ತಡೆದು ನಿಲ್ಲಿಸಿ ಕೆನ್ನೆ ಮುಟ್ಟಿ ನೋಡುತ್ತಿದ್ದಳು. ಕೆನ್ನೆ ಬೆಚ್ಚಗಿರುತ್ತಿತ್ತು. ಅದು ಸುಳ್ಳಲ್ಲ.

ಮೂರು ವರ್ಷಕ್ಕೆ ಚಾಪೆ ಹೆಣೆಯುವವಳು ತೀರಿಕೊಂಡಳು. ಹನ್ನೊಂದನೆಯ ದಿನ ಅವಳ ಸೊಸೆ ಕಲ್ಲು ಹಿಡಿದು ಬಂದಳು. ಅಲ್ಲಿಯವರೆಗೆ ಊರಿನಲ್ಲಿ ಬೇರೆ ಸಾವಾಗಿರಲಿಲ್ಲ, ಹೊಸ ಹಳ್ಳಕ್ಕೆ ನೇರವಾಗಿ ಸಿಗುತ್ತಿದ್ದ ಮೊದಲನೆಯ ಹೆಸರು ಅದು. ನೀರಗಂಟಿ ಜೇಡಿಮಣ್ಣನ್ನು ಕೈಗೆ ತೆಗೆದುಕೊಂಡವಳು ಅದನ್ನು ನೀರಿಗೆ ಎಸೆದು, ಬರಿಗಿವಿಯಲ್ಲೇ ಇಳಿದಳು.

"ಇನ್ನೂ ಇಲ್ಲ" ಅಂದಳು ಸೊಸೆ. "ಇನ್ನೂ ಇಲ್ಲ." "ಇನ್ನೂ ಇಲ್ಲ." ಹಿಂದಿನ ಹಾಗೆಯೇ ಬೆಳಗು ಹೋಗಿ ಮಧ್ಯಾಹ್ನವಾಯಿತು. ನೀರಗಂಟಿಯ ಕಾಲು ಮರಗಟ್ಟಿತು. ಸಂಜೆಯ ಮುಂಚೆ ಹೊಸ ನೀರು ಹೊಸ ಕಲ್ಲಿನ ಬೆನ್ನು ಸವರಿ, ತಪ್ಪಿಲ್ಲದೆ, ಹೊಂಬಾಳಮ್ಮ ಅಂದಿತು. ಇಬ್ಬರೂ ಒಟ್ಟಿಗೆ "ಹೌದು" ಅಂದರು. ಇದು ಒಳ್ಳೆಯ ಹಳ್ಳ, ಮೊದಲಿಂದಲೂ ಒಳ್ಳೆಯ ಹಳ್ಳವೇ. ಆದರೆ ಇನ್ನು ಮುಂದೆ ಸಾಯುವವರ ಹಳ್ಳ, ಹಿಂದೆ ಸತ್ತವರದಲ್ಲ.

ಊರಿಗೆ ಹಿಂತಿರುಗುವಾಗ ಹೆದ್ದಾರಿಯ ಅಂಚಿನಲ್ಲಿ ಇಬ್ಬರೇ ನಡೆದರು. ನೀರಗಂಟಿ ಇದ್ದಕ್ಕಿದ್ದ ಹಾಗೆ ಗಟ್ಟಿಯಾಗಿ ಅಂದಳು: "ಹೊಂಬಾಳಮ್ಮ."

ಸೊಸೆ ಬೆಚ್ಚಿ ನಿಂತಳು. "ಅವ್ವಾ! ಕೊಟ್ಬುಟ್ಟು ಬಂದ್ವಲ್ಲ. ಬಾಯಲ್ ಯೋಳ್ಬಾರ್ದಲ್ವಾ? ನೀರಗಂಟಿ ಆಗಿ ನೀವೇ ಹಿಂಗ್ ಮಾಡುದ್ರೆ?"

"ಯೋಳು ಮಗ. ನೀರ್ಗೂ ಕೊಡು, ನೀನೂ ಮಡಿಕ್ಕೋ. ಒಲೆ ಹಚ್ಚುವಾಗ ಯೋಳು, ಕಸ ಗುಡ್ಸುವಾಗ ಯೋಳು. ಮಕ್ಕಳ್ಗೆ ಬೈಯುವಾಗ್ಲಾದ್ರೂ ಯೋಳು. ಊರ್ಗೆಲ್ಲ ನಾನೇ ಯೋಳ್ತೀನಿ, ಬೈದ್ರೆ ನನ್ನೇ ಬೈಯ್ಲಿ. ಇನ್ನೊಂದ್ಸಲ ಅನ್ನು."

ಸೊಸೆ ಹಿಂದೆ ಮುಂದೆ ನೋಡಿದಳು. ದಾರಿ ಖಾಲಿಯಿತ್ತು. "ಹೊಂಬಾಳಮ್ಮ" ಅಂದಳು, ಅಂದೊಡನೆ ಅಳು ಬಂತು, ಅಳುತ್ತಲೇ ಮತ್ತೆ ಅಂದಳು. ಮುದುಕಿಯೂ ಅಂದಳು. ಹೆಜ್ಜೆಗೊಂದು ಸಲ ಅನ್ನುತ್ತಾ ಇಬ್ಬರೂ ಸೇತುವೆಯವರೆಗೆ ಬಂದರು.

ಸೇತುವೆ ದಾಟಿದ ಮೇಲೆ ದಾರಿ ಸ್ವಲ್ಪ ತಗ್ಗಿಗೆ ಇಳಿಯುತ್ತದೆ. ಅದರ ಅಡಿಯಲ್ಲೇ ಮೊದಲು ಮಗಳ ಕಲ್ಲಿದ್ದ ಜೌಗು ಇತ್ತು. ನೀರಗಂಟಿ ಅಲ್ಲಿ ನಿಂತಳು. ಮಂಡಿಯೂರಿ ಕೂತು, ಬಿಸಿಲಿಗೆ ಕಾದ ಡಾಂಬರಿನ ಮೇಲೆ ಅಂಗೈ ಇಟ್ಟಳು. ತುಟಿ ಅಲ್ಲಾಡಿತು. ಸೊಸೆ ಬಗ್ಗಿ ಕಿವಿಗೊಟ್ಟಳು.

"ಮಗಾ" ಅಂದಳು ಮುದುಕಿ. ಅವಳ ಹತ್ತಿರ ಅಷ್ಟೇ ಇತ್ತು.